ಎರಡು ಡಿಸ್ಕ್ ಇದ್ದರೂ ಪ್ರತಿ ಒಂದೇ

ಅಕ್ಕಾವರೆ, ಕುಕನೂರಿನಲ್ಲಿ ಬಸ್ ನಿಲ್ದಾಣದ ಕಡೆ ನಮ್ಮದೊಂದು ಸಣ್ಣ ಅಂಗಡಿ ಇದೆ. ಡಿಟಿಪಿ, ಜೆರಾಕ್ಸ್, ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ನಾನು ನೋಡಿಕೊಳ್ಳುತ್ತೇನೆ. ಮೈದುನ ಮದುವೆ, ಜವಳ, ಕುಬಸದ ಫೋಟೊ, ವಿಡಿಯೊ ಮಾಡುತ್ತಾನೆ. ಮೂರು ಕಂಪ್ಯೂಟರ್ ಇವೆ. ಎಲ್ಲ ಕೆಲಸವೂ ಮುಂದಿನ ಕಂಪ್ಯೂಟರಿನ ಡಿ ಡ್ರೈವಿನಲ್ಲಿ. ಉಳಿದ ಎರಡರಿಂದ ನೆಟ್‌ವರ್ಕಿನಲ್ಲಿ ಅದನ್ನೇ ತೆರೆದು ಬಳಸುತ್ತೇವೆ. ಈ ಲಗ್ನಸರಾಯಿಯಲ್ಲಿ ಡ್ರೈವ್ ತುಂಬಿಬಿಟ್ಟಿತು. ಹಿಂದಿನ ಕಂಪ್ಯೂಟರಿನಲ್ಲಿ ಕುಂತಿದ್ದ ಮೈದುನ ಜಾಗ ಮಾಡಲು ಒಂದು ಫೋಲ್ಡರ್ ಡಿಲೀಟ್ ಮಾಡಿದ. ನಾನು ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟಿದ್ದೇನೆ ಅಂತ ಅವನು ತಿಳಿದಿದ್ದ, ಅವನು ಮಾಡಿರುತ್ತಾನೆ ಅಂತ ನಾನು ತಿಳಿದಿದ್ದೆ. ಇಟಗಿ ಕಡೆಯ ಒಂದು ಮದುವೆಯ ಫೋಟೊ ಅಷ್ಟೂ ಹೋದವು. ಆಲ್ಬಂ ಇನ್ನೂ ಪ್ರಿಂಟಿಗೆ ಕಳಿಸಿರಲಿಲ್ಲ. ರಿಸೈಕಲ್ ಬಿನ್ನಿನಲ್ಲೂ ಇಲ್ಲ. ಅವರ ಮನೆಯವರು ಎರಡು ಸಲ ಬಂದು ಕೇಳಿದರು, "ಲ್ಯಾಬಿಗೆ ಹೋಗ್ಯಾವ್ರಿ" ಅಂತ ಹೇಳಿ ಕಳಿಸಿದ್ದೇವೆ. ಮನೆಯಲ್ಲಿ ಮೈದುನ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಮ್ಮ ಮನೆಯವರು "ಎಷ್ಟಾದರೂ ಆಗಲಿ, ಒಂದು ಮಷಿನ್ ತಂದು ಮುಗಿಸು" ಅನ್ನುತ್ತಾರೆ. ಕೊಪ್ಪಳದ ಅಂಗಡಿಯವರು ಎರಡು ಡಿಸ್ಕಿನ ನೆಟ್‌ವರ್ಕ್ ಸ್ಟೋರೇಜ್ ತೋರಿಸಿ, "ಒಂದು ಹೋದರ ಇನ್ನೊಂದು ಇರ್ತದ, ಚಿಂತಿ ಬಿಡ್ರಿ" ಅಂದರು. ನಲವತ್ತು ಸಾವಿರದ ಮೇಲೆ ಆಗುತ್ತದೆ. ಗೆಳತಿ ಒಬ್ಬಳು ಎಲ್ಲ ಗೂಗಲ್‌ಗೆ ಹಾಕು ಅನ್ನುತ್ತಾಳೆ. ಹಳೆಯ ಡಿಸ್ಕಿನಲ್ಲಿ ಏಳು ವರ್ಷದ ಕೆಲಸ ಇದೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?
(ಹೆಸರು ಬೇಡ, ಕುಕನೂರು)

ತಂಗೀ, ಓದುವುದನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಒಂದು ಕೆಲಸ ಮಾಡಿ. ಮುಂದಿನ ಕಂಪ್ಯೂಟರನ್ನು ಆಫ್ ಮಾಡಿ. ಅದರಲ್ಲಿ ಇನ್ನೊಂದು ಲಗ್ನಪತ್ರಿಕೆಯನ್ನೂ ಸೇವ್ ಮಾಡಬೇಡಿ.

ಕಾರಣ ಹೇಳುತ್ತೇನೆ. ಡಿಲೀಟ್ ಮಾಡಿದ ಕೂಡಲೇ ಹಾರ್ಡ್ ಡಿಸ್ಕಿನಿಂದ ಫೋಟೊ ಅಳಿಸಿಹೋಗುವುದಿಲ್ಲ. ಆ ಜಾಗ ಖಾಲಿ ಎಂದು ಗುರುತು ಬೀಳುತ್ತದೆ, ಅಷ್ಟೇ. ಅದರ ಮೇಲೆ ಹೊಸದು ಬರೆದಾಗ ಮಾತ್ರ ಹಳೆಯದು ನಿಜವಾಗಿ ಹೋಗುತ್ತದೆ. ನಿಮ್ಮದು ಹಳೆಯ ಬಗೆಯ, ಒಳಗೆ ತಿರುಗುವ ಡಿಸ್ಕ್ ಆಗಿದ್ದರೆ ಇನ್ನೂ ಆಸೆ ಇದೆ. ಎಸ್‌ಎಸ್‌ಡಿ ಆಗಿದ್ದರೆ ಆಸೆ ಬಹಳ ಕಡಿಮೆ, ಅದು ಖಾಲಿ ಜಾಗವನ್ನು ತಾನೇ ಒರೆಸಿಕೊಳ್ಳುತ್ತದೆ. ಆ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಎರಡನೇ ಡಿಸ್ಕಾಗಿ ಜೋಡಿಸಿ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಹಾಕಿ ಹುಡುಕಿಸಿ, ಸಿಕ್ಕಿದ್ದನ್ನು ಮೂರನೆಯ ಡಿಸ್ಕಿಗೆ ಇಳಿಸಿಕೊಳ್ಳಿ. ಅದೇ ಡಿಸ್ಕಿಗೆ ಮರಳಿ ಬರೆಸಬೇಡಿ. ಫೈಲುಗಳ ಹಳೆಯ ಹೆಸರು ಬರುವುದಿಲ್ಲ, ಸಾವಿರಾರು ಚಿತ್ರ ಅಡ್ಡಾದಿಡ್ಡಿ ಬಂದು ಬೀಳುತ್ತವೆ. ಆದರೆ ಪ್ರತಿ ಫೋಟೊದ ಒಳಗೆ ಕ್ಯಾಮೆರಾ ಬರೆದ ದಿನಾಂಕ, ಸಮಯ ಇರುತ್ತದೆ. ಅದರ ಮೇಲೆ ಸಾಲು ಹಚ್ಚಿದರೆ ಅರಿಶಿಣದಿಂದ ಅಕ್ಕಿಕಾಳಿನವರೆಗೆ ಕ್ರಮಕ್ಕೆ ಬರುತ್ತವೆ. ಆ ಮದುವೆಗೆ ಬಳಸಿದ ಮೆಮೊರಿ ಕಾರ್ಡ್‌ಗಳನ್ನೂ ಕ್ಯಾಮೆರಾದಿಂದ ತೆಗೆದಿಡಲು ಮೈದುನನಿಗೆ ಹೇಳಿ. ಫಾರ್ಮ್ಯಾಟ್ ಆದ ಕಾರ್ಡಿನಲ್ಲೂ, ಮೇಲೆ ಬೇರೆ ಮದುವೆ ತುಂಬಿರದಿದ್ದರೆ, ಇದೇ ತಂತ್ರಾಂಶಕ್ಕೆ ಫೋಟೊ ಸಿಗುತ್ತವೆ. ಡಿಸ್ಕ್ 'ಟಕ್ ಟಕ್' ಎಂದು ಸದ್ದು ಮಾಡುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಮಾಡಬೇಡಿ. ಅದು ರಿಕವರಿ ಮಾಡುವವರ ಕೈಗೇ ಹೋಗಬೇಕು, ಪ್ರತಿ ಸಲ ಆನ್ ಮಾಡಿದಾಗಲೂ ಗಾಯ ದೊಡ್ಡದಾಗುತ್ತದೆ.

ರಿಸೈಕಲ್ ಬಿನ್ನಿನಲ್ಲಿ ಯಾಕಿಲ್ಲ ಎಂಬುದಕ್ಕೂ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮೈದುನ ಡಿಲೀಟ್ ಮಾಡಿದ್ದು ಹಿಂದಿನ ಕಂಪ್ಯೂಟರಿನಿಂದ, ನೆಟ್‌ವರ್ಕ್ ಮೂಲಕ. ಹಾಗೆ ಅಳಿಸಿದ ಫೈಲನ್ನು ವಿಂಡೋಸ್ ಯಾರ ಬಿನ್ನಿಗೂ ಹಾಕುವುದಿಲ್ಲ, ನೇರವಾಗಿ ತೆಗೆದುಬಿಡುತ್ತದೆ. ಮುಂದಿನ ಕಂಪ್ಯೂಟರಿನಲ್ಲೇ ಕುಂತು ಅಳಿಸಿದ್ದರೆ ಫೋಲ್ಡರ್ ಬಹುಶಃ ಬಿನ್ನಿನಲ್ಲಿ ಸಿಗುತ್ತಿತ್ತು. ಇದು ಅವನಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಈ ಮಾತನ್ನು ಅವನ ಮುಂದೆ ಹೇಳಿ. ಅವನು ಮಾತು ಬಿಟ್ಟಿರುವುದು ಸಿಟ್ಟಿಗಲ್ಲ, ಮುಖ ತೋರಿಸಲಾಗದೆ ಎಂದು ನನಗೆ ಅನ್ನಿಸುತ್ತದೆ. ಕಾಪಿ ಮಾಡುವ ಕೆಲಸ ಯಾರದೆಂದು ನಿಮ್ಮ ಅಂಗಡಿಯಲ್ಲಿ ಯಾವತ್ತೂ ತೀರ್ಮಾನವಾಗಿರಲಿಲ್ಲ. ತೀರ್ಮಾನವಾಗದ ಕೆಲಸ ತಪ್ಪಿದಾಗ ಒಬ್ಬನನ್ನೇ ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ. ಕಾರ್ಡ್ ಹುಡುಕುವ ಕೆಲಸವನ್ನು ಅವನಿಗೇ ಒಪ್ಪಿಸಿ, ಮಾತು ಅಲ್ಲಿಂದ ಶುರುವಾಗಲಿ.

ಇಟಗಿಯವರಿಗೆ ನಿಜ ಹೇಳಿ. ಅವರು ಮೂರನೇ ಸಲ ಬರುವ ಮೊದಲು ನೀವೇ ಅವರ ಮನೆಗೆ ಹೋಗಿ ಹೇಳಬೇಕು, ಮೈದುನನೂ ಜೊತೆಗಿರಬೇಕು. 'ಲ್ಯಾಬಿಗೆ ಹೋಗಿದೆ' ಎಂಬ ಮಾತನ್ನು ಇನ್ನೊಂದು ಸಲ ಆಡಿದರೆ, ಫೋಟೊ ಸಿಕ್ಕರೂ ನಿಮ್ಮ ಮೇಲಿನ ನಂಬಿಕೆ ಮರಳುವುದಿಲ್ಲ. ಹುಡುಕುತ್ತಿದ್ದೇವೆ, ಇಂಥ ದಿನದೊಳಗೆ ಎಷ್ಟು ಸಿಕ್ಕಿತೆಂದು ಹೇಳುತ್ತೇವೆ, ಸಿಗದಿದ್ದರೆ ಮುಂಗಡ ಪೂರ್ತಿ ಮರಳಿಸುತ್ತೇವೆ ಎನ್ನಿ. ಬೀಗರ ಕಡೆಯವರು ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನೂ ಕೇಳಿ ಕೂಡಿಸಿ. ವಿಡಿಯೊ ಉಳಿದಿದ್ದರೆ ಅದರಿಂದ ತಾಳಿ ಕಟ್ಟುವ ಗಳಿಗೆಯ ಚೌಕಟ್ಟುಗಳನ್ನು ಬಿಡಿಸಿಕೊಳ್ಳಬಹುದು. ಆಲ್ಬಮಿನ ಅಂದಕ್ಕೆ ಅದು ಸಾಲದು, ಆದರೆ ಏನೂ ಇಲ್ಲದ್ದಕ್ಕಿಂತ ಆ ಹುಡುಗಿಗೆ ಅದು ದೊಡ್ಡದು.

ಇನ್ನು ಮಷಿನ್ ವಿಚಾರ. ಕೊಪ್ಪಳದವರು ತೋರಿಸಿದ ಡಬ್ಬಿಯನ್ನು ನಾಸ್ ಎನ್ನುತ್ತಾರೆ. ಡಿಸ್ಕ್‌ಗಳನ್ನು ಹೊತ್ತ ಒಂದು ಪುಟ್ಟ ಕಂಪ್ಯೂಟರ್ ಅದು. ರೌಟರಿಗೆ ವೈರು ಹಚ್ಚಿದರೆ ಅಂಗಡಿಯ ಎಲ್ಲ ಕಂಪ್ಯೂಟರಿಗೂ ಒಂದೇ ಕಪಾಟಾಗಿ ಕಾಣುತ್ತದೆ. ನಿಮ್ಮಂಥ ಅಂಗಡಿಗೆ ಅದು ಒಳ್ಳೆಯ ವಸ್ತು, ಬೇಡ ಎನ್ನುವುದಿಲ್ಲ. ಆದರೆ "ಒಂದು ಹೋದರೆ ಇನ್ನೊಂದು ಇರುತ್ತದೆ" ಎಂಬ ಮಾತಿನಲ್ಲಿ ಅರ್ಧ ಮಾತ್ರ ನಿಜ. ಆ ಎರಡು ಡಿಸ್ಕ್‌ಗಳು ಕನ್ನಡಿ ಹಿಡಿದಂತೆ ಒಂದೇ ವಿಷಯವನ್ನು ಒಟ್ಟೊಟ್ಟಿಗೆ ಬರೆದುಕೊಳ್ಳುತ್ತವೆ. ಇದಕ್ಕೆ ರೇಡ್ ಎಂದು ಹೆಸರು. 1988ರಲ್ಲಿ ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಈ ಹೆಸರಿನಲ್ಲಿ ಪ್ರಬಂಧ ಬರೆದರು. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲಬಾರದು ಎಂಬುದು ಅದರ ಉದ್ದೇಶ. ಅದನ್ನು ಅದು ಚೆನ್ನಾಗಿ ಮಾಡುತ್ತದೆ. ನಿಮ್ಮಲ್ಲಿ ಆಗಿದ್ದು ಆ ಬಗೆಯ ತೊಂದರೆಯೇ? ಡಿಸ್ಕ್ ಕೆಡಲಿಲ್ಲ, ಮನುಷ್ಯ ಅಳಿಸಿದ. ಮೊದಲಿನ ಡಿಸ್ಕಿನಲ್ಲಿ ಅಳಿಸಿದ್ದು ಅದೇ ಗಳಿಗೆಯಲ್ಲಿ ಎರಡನೆಯದರಲ್ಲೂ ಅಳಿಯುತ್ತದೆ. ವೈರಸ್ ಬಂದು ಫೈಲುಗಳಿಗೆ ಬೀಗ ಜಡಿದರೆ ಎರಡಕ್ಕೂ ಬೀಗ. ಸಿಡಿಲಿನ ಹೊಡೆತ ವೈರಿನಲ್ಲಿ ಬಂದರೆ ಇಡೀ ಡಬ್ಬಿಯೇ ಸುಡಬಹುದು. ಕಳ್ಳ ಹೊತ್ತೊಯ್ದರೆ ಎರಡನ್ನೂ ಒಟ್ಟಿಗೇ ಒಯ್ಯುತ್ತಾನೆ. ಡಿಸ್ಕ್ ಎರಡಿದ್ದರೂ ನಿಮ್ಮ ಹತ್ತಿರ ಇರುವ ಪ್ರತಿ ಒಂದೇ.

ನಲವತ್ತು ಸಾವಿರ ಕೊಟ್ಟವರಷ್ಟೇ ಇದರಲ್ಲಿ ಮೋಸಹೋಗುತ್ತಾರೆ ಎಂದುಕೊಳ್ಳಬೇಡಿ. ದಕ್ಷಿಣ ಕೊರಿಯಾ ಸರಕಾರ ತನ್ನ ನೌಕರರಿಗೆ, ಕೆಲಸದ ಕಡತಗಳನ್ನು ಕಚೇರಿ ಕಂಪ್ಯೂಟರಿನಲ್ಲಿ ಇಡಬೇಡಿ, ಜಿ-ಡ್ರೈವ್ ಎಂಬ ಸರಕಾರಿ ನೆಟ್‌ವರ್ಕ್ ಸಂಗ್ರಹದಲ್ಲೇ ಇಡಿ ಎಂದು ಹೇಳಿತ್ತು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರಕಾರಿ ಡೇಟಾ ಕೇಂದ್ರದಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿತು. ಜಿ-ಡ್ರೈವಿನ 858 ಟೆರಾಬೈಟ್ ಕಡತಗಳು ಸುಟ್ಟುಹೋದವು. ಬೇರೆ ಊರಿನಲ್ಲಿ ಎರಡನೇ ಪ್ರತಿ ಇರಲಿಲ್ಲ, ಸಂಗ್ರಹ ಬಹಳ ದೊಡ್ಡದು, ಪ್ರತಿ ಮಾಡಲಾಗಲಿಲ್ಲ ಎಂದು ಕಾರಣ ಕೊಟ್ಟರು. ಅಷ್ಟು ಮುಂದುವರಿದ ದೇಶದಲ್ಲಿ, ಅಷ್ಟು ಹಣ ಸುರಿದ ಕಟ್ಟಡದಲ್ಲಿ ಹೀಗಾಯಿತು. ತಂತ್ರಜ್ಞಾನ ಅವರ ಕೈಬಿಡಲಿಲ್ಲ. ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟರು, ಅದಕ್ಕೇ ಹೋಯಿತು.

ನಿಮ್ಮ ಕಡೆ ಒಕ್ಕಲುತನದವರು ಉಣ್ಣುವ ಜೋಳದ ರಾಶಿಯಲ್ಲಿ ಬಿತ್ತನೆ ಬೀಜ ಬೆರೆಸುವುದಿಲ್ಲ, ಬೇರೆ ತೆಗೆದು ಕಟ್ಟಿಡುತ್ತಾರೆ. ನಾಸ್ ಅಥವಾ ಡಿ ಡ್ರೈವ್ ದಿನವೂ ಕೈಹಾಕುವ ಜೋಳ. ಬೀಜ ಬೇರೆಯೇ ಇರಬೇಕು, ದಿನದ ಕೈ ಅದಕ್ಕೆ ತಾಗಬಾರದು. ಫೋಟೊಗ್ರಾಫರ್‌ಗಳ ವೃತ್ತಿಯಲ್ಲೇ ಇದಕ್ಕೊಂದು ಲೆಕ್ಕ ಹುಟ್ಟಿದೆ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಅದನ್ನು ಎಲ್ಲೆಡೆ ಹಬ್ಬಿಸಿದರು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ನಿಮ್ಮ ಅಂಗಡಿಗೆ ಇದನ್ನು ನಾನು ಹೀಗೆ ಇಳಿಸುತ್ತೇನೆ.

ಇದೇ ವಾರ ಎರಡು ಪೋರ್ಟಬಲ್ ಡಿಸ್ಕ್ ತನ್ನಿ, ನಾಸ್ ಆಮೇಲೆ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಟೇಪು ಸುತ್ತಿ. ಕೆಂಪು ಡಿಸ್ಕ್ ಅಂಗಡಿಯಲ್ಲಿ ಇರುವಾಗ ಹಸಿರು ನಿಮ್ಮ ಮನೆಯಲ್ಲಿ ಇರಬಾರದು, ಬೇರೆ ಕಡೆ ಇರಬೇಕು. ತವರುಮನೆಯ ಅಲಮಾರಿ ಆದೀತು, ಅಣ್ಣನ ಮನೆ ಆದೀತು. ವಾರಕ್ಕೊಮ್ಮೆ ಅಂಗಡಿಯ ಡಿಸ್ಕಿಗೆ ಹೊಸ ಕೆಲಸವೆಲ್ಲ ಕಾಪಿ ಆಗಬೇಕು, ಕಾಪಿ ಮುಗಿದ ಕೂಡಲೇ ವೈರು ಬಿಚ್ಚಬೇಕು. ಸದಾ ಚುಚ್ಚಿಕೊಂಡೇ ಇರುವ ಡಿಸ್ಕಿಗೆ ವೈರಸ್ಸೂ ತಲುಪುತ್ತದೆ, ಸಿಡಿಲೂ ತಲುಪುತ್ತದೆ. ತಿಂಗಳಿಗೊಮ್ಮೆ ಕೆಂಪು ಹೋಗಲಿ, ಹಸಿರು ಬರಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಯಾರು ಮಾಡಿದರೋ ಅವರು ಸಹಿ ಹಾಕಲಿ. ಯಾರು ಮಾಡಿದರು ಎಂಬ ಜಗಳ ಆ ಸಹಿಯಲ್ಲೇ ಮುಗಿಯುತ್ತದೆ. ಮತ್ತೆ ಒಂದು ಕಟ್ಟಪ್ಪಣೆ: ಮದುವೆಯ ಫೋಟೊ ಎರಡು ಜಾಗಕ್ಕೆ ಇಳಿಯುವವರೆಗೆ ಕ್ಯಾಮೆರಾದ ಕಾರ್ಡ್ ಫಾರ್ಮ್ಯಾಟ್ ಮಾಡುವ ಹಾಗಿಲ್ಲ.

ಗೆಳತಿಯ ಸಲಹೆ ತಪ್ಪಲ್ಲ, ಲೆಕ್ಕ ಹಾಕಿ ನೋಡಬೇಕು. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಫೋಟೊಗಳಿಗೆ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೇ ನಿಂತುಹೋಯಿತು. ವಿಡಿಯೊ ಸೇರಿ ಒಂದು ಮದುವೆ 150 ಜಿಬಿ ಆಯಿತೆನ್ನಿ. ನಿಮ್ಮ ಇಂಟರ್‌ನೆಟ್ ಮೇಲಕ್ಕೆ ಕಳಿಸುವ ವೇಗ 20 ಎಂಬಿಪಿಎಸ್ ಇದ್ದರೆ, ಎಡೆಬಿಡದೆ ಹೋದರೂ ಹದಿನಾರು, ಹದಿನೇಳು ತಾಸು. ಕರೆಂಟು ಹೋಗಿ ಬಂದರೆ ಇನ್ನೂ ಹೆಚ್ಚು. ಲಗ್ನಸರಾಯಿಯಲ್ಲಿ ಇದು ನಡೆಯುವ ಮಾತಲ್ಲ. ಆದ್ದರಿಂದ ಗೂಗಲ್‌ನಂಥ ಕ್ಲೌಡಿಗೆ ಸಣ್ಣದು, ಅಮೂಲ್ಯವಾದದ್ದು ಮಾತ್ರ ಹೋಗಲಿ: ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್‌ಗಳು, ಲೆಕ್ಕಪತ್ರ, ಪ್ರತಿ ಮದುವೆಯಿಂದ ಆರಿಸಿದ ಆಲ್ಬಂ ಫೋಟೊಗಳು. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಲೆಕ್ಕದ ದಾಖಲೆಗಳನ್ನು, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು ಎಂದು ಕಾನೂನೇ ಹೇಳುತ್ತದೆ. ಅವು ಖಂಡಿತ ಎರಡು ಕಡೆ ಇರಲಿ.

ಎಲ್ಲವನ್ನೂ ಉಳಿಸಬೇಕು ಎಂಬ ಹಟವೂ ಬೇಡ. ಮತ್ತೆ ಸಿಗುವುದು ಯಾವುದು, ಸಿಗದಿರುವುದು ಯಾವುದು ಎಂದು ವಿಂಗಡಿಸಿ. ಪಹಣಿ ಕಳೆದರೆ ಸರಕಾರದ 'ಭೂಮಿ' ವ್ಯವಸ್ಥೆಯಿಂದ ಇನ್ನೊಂದು ತೆಗೆಯಬಹುದು. ತಹಶೀಲ್ದಾರ್ ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನೂ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿಸುತ್ತಿದ್ದಾರೆ, ಅವನ್ನು ಕಾಯುವ ಹೊಣೆ ಸರಕಾರದ್ದು. ಜೆರಾಕ್ಸಿಗೆ, ಅರ್ಜಿ ತುಂಬಿಸಲು ಬಂದವರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್‌ಗಳು ನಿಮ್ಮ ಡಿ ಡ್ರೈವಿನಲ್ಲಿ ಏಳು ವರ್ಷದಿಂದ ಗುಡ್ಡೆ ಬಿದ್ದಿರುತ್ತವೆ. ಫೋಟೊ ಹುಡುಕುವ ಕೆಲಸ ಮುಗಿದ ಮೇಲೆ ಅವನ್ನು ಅಳಿಸಿ. ಅವರ ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳುವ ಹಕ್ಕು ನಿಮಗಿಲ್ಲ, 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಆಶಯವೂ ಅದೇ. ಮಂದಿ ನಂಬಿ ಕೊಟ್ಟ ಕಾಗದ ಅದು. ಡ್ರೈವಿನಲ್ಲಿ ಜಾಗವೂ ಆದೀತು. ಅಳಿಸುವುದಿದ್ದರೆ ಇಂಥದ್ದನ್ನು ಅಳಿಸಬೇಕಿತ್ತು ಎಂದು ಮಾತ್ರ ಮೈದುನನಿಗೆ ಅನ್ನಬೇಡಿ.

ನಿಮ್ಮ ಸ್ವಂತ ಕೆಲಸದ ಬಗ್ಗೆ ಒಂದು ಮಾತು, ಇದನ್ನು ನಿಮಗೆ ಯಾವ ಮಷಿನ್ ಮಾರುವವರೂ ಹೇಳುವುದಿಲ್ಲ. ಫೈಲ್ ಉಳಿದರೂ ತೆರೆಯದೆ ಹೋಗಬಹುದು. ಕನ್ನಡ ಡಿಟಿಪಿ ಮಾಡುವವರಿಗೆ ಈ ಅಪಾಯ ಎಲ್ಲರಿಗಿಂತ ಹೆಚ್ಚು. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ನಮ್ಮ ಅಂಗಡಿಗಳಲ್ಲಿ ಅದು ಇವತ್ತಿಗೂ ಓಡುತ್ತಿದೆ. ನುಡಿ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಹೊಡೆದ ಮ್ಯಾಟರಿನ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದೇ ಫಾಂಟ್ ಇದ್ದರಷ್ಟೇ ಅದು 'ಶ್ರೀ ಮಹಾಮಾಯಾ ಪ್ರಸನ್ನ' ಎಂದು ಕಾಣುತ್ತದೆ. ಕಂಪ್ಯೂಟರ್ ಬದಲಾಗಿ ಫಾಂಟ್ ಹೋದ ದಿನ ಏಳು ವರ್ಷದ ಲಗ್ನಪತ್ರಿಕೆಗಳೆಲ್ಲ ಅರ್ಥವಿಲ್ಲದ ಗೀಟುಗಳಾಗಿ ನಿಲ್ಲುತ್ತವೆ. ಅದಕ್ಕೆ ಪ್ರತಿ ಕೆಲಸದ ಫೋಲ್ಡರಿನಲ್ಲಿ ಮೂಲ ಫೈಲಿನ ಜೊತೆ, ಫಾಂಟ್ ಒಳಗೊಂಡ ಒಂದು ಪಿಡಿಎಫ್ ಇರಲಿ. ನೀವು ಕೊಂಡ ಫಾಂಟ್, ತಂತ್ರಾಂಶಗಳ ಪ್ರತಿಯೂ ಕೆಂಪು, ಹಸಿರು ಡಿಸ್ಕಿನಲ್ಲಿರಲಿ. ಹೊಸ ಮ್ಯಾಟರನ್ನು ಯೂನಿಕೋಡಿನಲ್ಲಿ ಹೊಡೆಯುವ ರೂಢಿ ಮಾಡಿಕೊಳ್ಳಿ. ಫೋಲ್ಡರಿಗೆ 'ವರ್ಷ-ತಿಂಗಳು-ದಿನ ಇಟಗಿ ಮದುವೆ' ಎಂದು ವರ್ಷದಿಂದ ಶುರು ಮಾಡಿ ಹೆಸರಿಡಿ, ತಾನೇ ಸಾಲಾಗಿ ಕುಳಿತುಕೊಳ್ಳುತ್ತವೆ. 'ನ್ಯೂ ಫೋಲ್ಡರ್ 3' ಎಂಬ ಹೆಸರಿನ ಫೋಲ್ಡರನ್ನು ಯಾರಾದರೂ ಕಸವೆಂದೇ ತಿಳಿಯುತ್ತಾರೆ.

ಈ ಅಭ್ಯಾಸ ಎರಡು, ಮೂರು ತಿಂಗಳು ನಿಂತ ಮೇಲೆ ನಾಸ್ ಕೊಳ್ಳಿ. ಆಗ ಅದರ ಬೆಲೆ ನಿಮಗೆ ನಿಜವಾಗಿ ದಕ್ಕುತ್ತದೆ. ಕೊಂಡ ದಿನವೇ ಅಂಗಡಿಯವರನ್ನು ಕೂರಿಸಿಕೊಂಡು ಮೂರು ಕೆಲಸ ಮಾಡಿಸಿ. ನಿಮಗೊಂದು, ಮೈದುನನಿಗೊಂದು ಬೇರೆ ಬೇರೆ ಲಾಗಿನ್ ಆಗಬೇಕು. ಮುಗಿದ ಕೆಲಸಗಳ ಫೋಲ್ಡರನ್ನು ಇಬ್ಬರೂ ನೋಡಬಹುದು, ಇಬ್ಬರಿಗೂ ಅಳಿಸಲಾಗದು ಎಂದಿರಲಿ. ಅಳಿಸಲೇಬೇಕಾದರೆ ಮೂರನೆಯ ಪಾಸ್‌ವರ್ಡ್, ಅದನ್ನು ನಿಮ್ಮ ಮನೆಯವರ ಹತ್ತಿರ ಕೊಡಿ. ಎರಡನೆಯದು, ನಾಸ್ ಒಳಗಿನ ರಿಸೈಕಲ್ ಬಿನ್ ಆನ್ ಮಾಡಿಸಿ, ಅನೇಕ ಡಬ್ಬಿಗಳಲ್ಲಿ ಅದನ್ನು ಫೋಲ್ಡರಿನ ಲೆಕ್ಕದಲ್ಲಿ ನಾವೇ ಆನ್ ಮಾಡಬೇಕು. ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯ ಇರುವ ಮಾದರಿಯಾದರೆ ನಿನ್ನೆ, ಮೊನ್ನೆ ಫೋಲ್ಡರ್ ಹೇಗಿತ್ತೋ ಹಾಗೆ ಹಿಂದಕ್ಕೆ ಹೋಗಬಹುದು. ಸ್ವಲ್ಪ ಹಣ ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ. ಮೂರನೆಯದು, ಹೊರಗಿನಿಂದ ಮೊಬೈಲಿನಲ್ಲಿ ನೋಡಬಹುದು ಎಂದು ಅದನ್ನು ಇಂಟರ್‌ನೆಟ್ಟಿಗೆ ತೆರೆದುಕೊಟ್ಟರೆ ಬೇಡ ಎನ್ನಿ. 2021ರ ಜೂನಿನಲ್ಲಿ ಮೈ ಬುಕ್ ಲೈವ್ ಎಂಬ ನೆಟ್‌ವರ್ಕ್ ಡ್ರೈವ್ ಇಟ್ಟುಕೊಂಡಿದ್ದ ಅನೇಕರು ಬೆಳಿಗ್ಗೆ ಎದ್ದು ನೋಡಿದರೆ ಡ್ರೈವ್ ಪೂರ್ತಿ ಖಾಲಿ. ಇಂಟರ್‌ನೆಟ್ ಮೂಲಕ ಯಾರೋ ಒಳಹೊಕ್ಕು ಒರೆಸಿಬಿಟ್ಟಿದ್ದರು. 2022ರಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ವೈರಸ್ ಹೀಗೆ ಬಾಗಿಲು ತೆರೆದಿಟ್ಟ ನಾಸ್‌ಗಳನ್ನೇ ಹುಡುಕಿ ಬೀಗ ಹಾಕಿತು.

ಡಬ್ಬಿಯ ಜೊತೆ ಒಂದು ಯುಪಿಎಸ್ ಬೇಕೇ ಬೇಕು. ಮನೆಯ ಇನ್ವರ್ಟರ್ ನಂಬಬೇಡಿ, ಅದು ಬದಲಾಗುವ ಕ್ಷಣದ ಜರ್ಕಿಗೆ ಬರೆಯುತ್ತಿರುವ ಡಿಸ್ಕ್ ಪೆಟ್ಟು ತಿನ್ನಬಹುದು. ಯುಎಸ್‌ಬಿ ವೈರಿನಿಂದ ನಾಸ್‌ಗೆ ಜೋಡಿಸುವ ಯುಪಿಎಸ್ ಸಿಗುತ್ತದೆ, ಕರೆಂಟು ಬಹಳ ಹೊತ್ತು ಬಾರದಿದ್ದರೆ ನಾಸ್ ತಾನೇ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂದು ವೈರಿಂಗ್ ಮಾಡುವವರಿಂದ ನೋಡಿಸಿ. ಡಬ್ಬಿಯನ್ನು ಜೆರಾಕ್ಸ್ ಮಷಿನ್ನಿನ ಪಕ್ಕ ಇಡಬೇಡಿ, ಟೋನರ್ ಧೂಳು, ಬೇಸಿಗೆಯ ಕಾವು ಎರಡೂ ಡಿಸ್ಕಿಗೆ ಆಗಿಬರುವುದಿಲ್ಲ. ನೆಟ್‌ವರ್ಕ್ ಸ್ವಿಚ್ ಹಳೆಯದಿದ್ದರೆ ಗಿಗಾಬಿಟ್ ಸ್ವಿಚ್ ಹಾಕಿ. 150 ಜಿಬಿಯ ಮದುವೆ ಹಳೆಯ ನೂರು ಎಂಬಿಪಿಎಸ್ ಸ್ವಿಚ್ಚಿನಲ್ಲಿ ಸಾಗಲು ನಾಲ್ಕು ತಾಸಿನ ಹತ್ತಿರ, ಗಿಗಾಬಿಟ್‌ನಲ್ಲಿ ಅರ್ಧ ತಾಸಿನ ಆಸುಪಾಸು. ಕಾಪಿ ಬೇಗ ಮುಗಿದರೆ ಮಾತ್ರ ಮನುಷ್ಯರು ಕಾಪಿ ಮಾಡುತ್ತಾರೆ.

ನಾಸ್ ಬಂತೆಂದು ಕೆಂಪು, ಹಸಿರು ಡಿಸ್ಕ್‌ಗಳನ್ನು ನಿಲ್ಲಿಸಬೇಡಿ. ಅವು ನಾಸ್‌ನಿಂದ ಪ್ರತಿ ತೆಗೆದುಕೊಳ್ಳುತ್ತಲೇ ಇರಬೇಕು. ಎರಡು ತಿಂಗಳಿಗೊಮ್ಮೆ ತವರಿನಿಂದ ಬಂದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಚ್ಚಿ, ಯಾವುದಾದರೂ ಹಳೆಯ ಮದುವೆ ತೆರೆದು ಮೊದಲ ಫೋಟೊ, ನಡುವಿನ ಫೋಟೊ, ಕೊನೆಯ ಫೋಟೊ ದೊಡ್ಡದಾಗಿ ನೋಡಿ. ಒಂದು ಲಗ್ನಪತ್ರಿಕೆ ತೆರೆದು ಅಕ್ಷರ ಸರಿ ಕಾಣುತ್ತದೆಯೇ ನೋಡಿ. ಆ ಕೆಲಸವನ್ನು ನೀವು ಮತ್ತು ಮೈದುನ ಒಟ್ಟಿಗೆ ಕುಂತು ಮಾಡಿ.

ಇಟಗಿಯವರ ಮನೆಗೆ ಹೋಗುವುದನ್ನು ನಾಳೆಗೆ ಹಾಕಬೇಡಿ. ಅವರ ಮದುವೆಯ ಫೋಟೊ ಎಷ್ಟು ಸಿಕ್ಕವು ಎಂದು ನನಗೂ ಬರೆದು ತಿಳಿಸಿ.